ಹೆದ್ದಾರಿಯ ಅಪಘಾತ ದರ ತೆಗೆಯುವ ಬಗೆ: ರಸ್ತೆ ಭಾಗಗಳಿಗೊಂದು ಲೆಕ್ಕ, ಜಂಕ್ಷನ್‌ಗಳಿಗೊಂದು ಲೆಕ್ಕ

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗೆ ಸಾಮಾನ್ಯವಾಗಿ ಬರುವುದು ಒಂದೇ ಒಂದು ಪಟ್ಟಿ: ಯಾವ ಜಾಗದಲ್ಲಿ ಎಷ್ಟು ಅಪಘಾತ, ಎಷ್ಟು ಸಾವು. ಪಟ್ಟಿಯ ತಲೆಯಲ್ಲಿ ಪಟ್ಟಣದ ದೊಡ್ಡ ಸರ್ಕಲ್ ಇರುತ್ತದೆ, ಅನುದಾನವೂ ಬಹುಮಟ್ಟಿಗೆ ಅಲ್ಲಿಗೇ ಹೋಗುತ್ತದೆ. ಆ ಸರ್ಕಲ್ಲನ್ನು ದಿನಕ್ಕೆ ಹದಿನೆಂಟು ಸಾವಿರ ವಾಹನಗಳು ದಾಟುತ್ತವೆ, ಪಟ್ಟಿಯ ಏಳನೇ ಸಾಲಿನಲ್ಲಿರುವ ಹಳ್ಳಿ ಗೇಟನ್ನು ದಾಟುವುದು ಐದು ಸಾವಿರ ಮಾತ್ರ ಎಂಬ ಸಂಗತಿ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅಪಘಾತದ ಸಂಖ್ಯೆಯನ್ನು ವಾಹನಗಳ ಓಡಾಟದಿಂದ ಭಾಗಿಸಿದಾಗ ಸಿಗುವುದು ಅಪಘಾತ ದರ. ಭಾಗಾಕಾರ ಸುಲಭ, ಭಾಗಿಸುವ ಮೊದಲು ಅಪಘಾತ ನಡೆದ ಜಾಗವನ್ನೂ ವಾಹನಗಳ ಸಂಖ್ಯೆಯನ್ನೂ ಸರಿಯಾಗಿ ಹಿಡಿಯುವುದೇ ಕಷ್ಟ. ಆದ್ದರಿಂದ ಈ ಲೇಖನದ ಹೆಚ್ಚು ಭಾಗ ಸೂತ್ರಕ್ಕಲ್ಲ, ಸೂತ್ರದೊಳಗೆ ಹಾಕುವ ಅಂಕಿಗಳಿಗೆ ಮೀಸಲಾಗಿದೆ. ಲೋಕೋಪಯೋಗಿ ಇಲಾಖೆಯ ಸೆಕ್ಷನ್ ಎಂಜಿನಿಯರುಗಳು, ಸಂಚಾರ ಠಾಣೆಯ ಸಿಬ್ಬಂದಿ, ಪ್ರಾಜೆಕ್ಟ್ ಮಾಡುವ ಸಿವಿಲ್ ವಿದ್ಯಾರ್ಥಿಗಳು ಇದನ್ನು ಹಾಗೆಯೇ ಬಳಸಬಹುದು. ಲೆಕ್ಕಕ್ಕೆ ಕೊಟ್ಟಿರುವ ಉದಾಹರಣೆಯ ಅಂಕಿಗಳು ವಿಧಾನ ತೋರಿಸಲು ಮಾಡಿಕೊಂಡವು, ಯಾವುದೇ ನಿರ್ದಿಷ್ಟ ರಸ್ತೆಯವಲ್ಲ.

1. ರಸ್ತೆಯನ್ನೂ ಅವಧಿಯನ್ನೂ ಮೊದಲು ಗೊತ್ತುಮಾಡಿಕೊಳ್ಳಿ

ಅಧ್ಯಯನದ ರಸ್ತೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಊರಿನ ಹೆಸರಿನಿಂದಲ್ಲ, ರಸ್ತೆಯ ಆರಂಭ ಬಿಂದುವಿನಿಂದ ಅಳೆದ ದೂರದಿಂದ, ಅಂದರೆ ಚೈನೇಜ್‌ನಿಂದ ಬರೆದಿಟ್ಟುಕೊಳ್ಳಬೇಕು. ಅವಧಿಗೆ ಮೂರು ಪೂರ್ಣ ಕ್ಯಾಲೆಂಡರ್ ವರ್ಷಗಳು ರೂಢಿ. ಒಂದೇ ವರ್ಷ ತೆಗೆದುಕೊಂಡರೆ ಅದು ಕೆಟ್ಟ ವರ್ಷವೋ ಒಳ್ಳೆಯ ವರ್ಷವೋ ತಿಳಿಯುವುದಿಲ್ಲ. ಐದು ವರ್ಷ ಮೀರಿದರೆ ಅಷ್ಟರಲ್ಲಿ ರಸ್ತೆಯೇ ಬೇರೆಯಾಗಿರುತ್ತದೆ.

ರಸ್ತೆ ಬೇರೆಯಾಗುವುದೆಂದರೆ ಏನೆಂದು ತಿಳಿಯಲು ಬೆಂಗಳೂರು–ಮೈಸೂರು ಹೆದ್ದಾರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿ 275ರ ಈ ಭಾಗದಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಬೈಪಾಸ್‌ಗಳು ಹಂತ ಹಂತವಾಗಿ ತೆರೆದುಕೊಂಡವು. 2023ರ ಮಾರ್ಚ್ 12ರಂದು ಹೆದ್ದಾರಿಯ ಲೋಕಾರ್ಪಣೆಯಾಯಿತು. ಮೊದಲ ಹಂತದ ಟೋಲ್ ಅದೇ ಮಾರ್ಚ್‌ನಲ್ಲಿ, ಎರಡನೆಯದು ಜುಲೈನಲ್ಲಿ ಆರಂಭವಾಯಿತು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು ಸರ್ವೀಸ್ ರಸ್ತೆಗೆ ಕಳುಹಿಸಲಾಯಿತು. ಇಂಥ ರಸ್ತೆಗೆ 2022ರಿಂದ 2024ರವರೆಗಿನ ಮೂರು ವರ್ಷಗಳ ಒಂದೇ ಸರಾಸರಿ ತೆಗೆದರೆ, ಮೂರು ಬೇರೆ ಬೇರೆ ರಸ್ತೆಗಳನ್ನು ಒಂದೇ ಪಾತ್ರೆಗೆ ಸುರಿದಂತಾಗುತ್ತದೆ. ದೊಡ್ಡ ಬದಲಾವಣೆಯ ದಿನಾಂಕದಲ್ಲಿ ಅವಧಿಯನ್ನು ಕತ್ತರಿಸಿ, ಹಿಂದಿನದಕ್ಕೂ ಮುಂದಿನದಕ್ಕೂ ಪ್ರತ್ಯೇಕ ದರ ತೆಗೆಯುವುದೇ ಸರಿ. ನಿಮ್ಮ ರಸ್ತೆಯಲ್ಲಿ ನಡುವೆ ಡಿವೈಡರ್ ಹಾಕಿದ್ದು, ಅಗಲ ಮಾಡಿದ್ದು, ಸಿಗ್ನಲ್ ಕೂಡಿಸಿದ್ದು ಎಲ್ಲವನ್ನೂ ದಿನಾಂಕದೊಡನೆ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

2. ಠಾಣೆಯ ದಾಖಲೆಗಳನ್ನು ಓದುವುದು

ಒಂದು ಹೆದ್ದಾರಿ ಮೂರು ನಾಲ್ಕು ಠಾಣೆಗಳ ಸರಹದ್ದನ್ನು ದಾಟುತ್ತದೆ. ಎಲ್ಲ ಠಾಣೆಗಳಿಂದಲೂ ಪಟ್ಟಿ ತರಿಸಿದ ಮೇಲೆ, ಸರಹದ್ದಿನ ಅಂಚಿನಲ್ಲಿ ನಡೆದ ಅಪಘಾತಗಳನ್ನು ಮತ್ತೊಮ್ಮೆ ನೋಡಬೇಕು. ಕಾಣೆಯಾಗುವುದೂ ಎರಡು ಸಲ ಎಣಿಕೆಯಾಗುವುದೂ ಅಲ್ಲಿಯೇ.

ಹುಡುಕುವಾಗ ಕಲಂಗಳ ಬಗ್ಗೆ ಎಚ್ಚರವಿರಲಿ. 2024ರ ಜುಲೈ 1ಕ್ಕಿಂತ ಹಿಂದಿನ ಪ್ರಕರಣಗಳು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 279, 337, 338, 304(ಎ) ಅಡಿಯಲ್ಲಿರುತ್ತವೆ; ಆ ನಂತರದವು ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ, ಅಂದರೆ ಬಿಎನ್‌ಎಸ್ ಕಲಂ 281, 125(ಎ), 125(ಬಿ), 106(1)ರ ಅಡಿಯಲ್ಲಿ. ಹಳೆಯ ಕಲಂ ಹಿಡಿದು ಹುಡುಕಿದವರಿಗೆ 2024ರ ಉತ್ತರಾರ್ಧದಲ್ಲಿ ಅಪಘಾತಗಳೇ ನಿಂತುಹೋದಂತೆ ಕಾಣುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಗಂಭೀರ ಗಾಯದ ವ್ಯಾಖ್ಯೆಯಲ್ಲಿ ಐಪಿಸಿ ತೀವ್ರ ನೋವಿನ ಅವಧಿಯನ್ನು ಇಪ್ಪತ್ತು ದಿನ ಎಂದಿತ್ತು, ಬಿಎನ್‌ಎಸ್ ಅದನ್ನು ಹದಿನೈದಕ್ಕೆ ಇಳಿಸಿದೆ. ಮೂಳೆ ಮುರಿತ ಎರಡರಲ್ಲೂ ಗಂಭೀರವೇ ಆದ್ದರಿಂದ ವ್ಯತ್ಯಾಸ ದೊಡ್ಡದಾಗಲಾರದು, ಆದರೂ ಎರಡು ಅವಧಿಗಳನ್ನು ಹೋಲಿಸುವ ವರದಿಯಲ್ಲಿ ಈ ಮಾತು ಒಂದು ಸಾಲಿನಲ್ಲಾದರೂ ಇರಬೇಕು. ಸಾವಿನ ವಿಷಯದಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಎಣಿಕೆ ಅಪಘಾತವಾದ ಮೂವತ್ತು ದಿನಗಳೊಳಗೆ ಸಂಭವಿಸಿದ್ದಕ್ಕೆ ಅನ್ವಯಿಸುತ್ತದೆ. ಜಿಲ್ಲಾ ಆಸ್ಪತ್ರೆಯಿಂದ ಬೆಂಗಳೂರಿಗೋ ಮಂಗಳೂರಿಗೋ ಸಾಗಿಸಿದ ಗಾಯಾಳು ಹತ್ತು ದಿನದ ಮೇಲೆ ತೀರಿಕೊಂಡರೆ, ಠಾಣೆಯ ಮೊದಲ ಪಟ್ಟಿಯಲ್ಲಿ ಆ ಪ್ರಕರಣ ಗಾಯವೆಂದೇ ಉಳಿದಿರಬಹುದು. ಹಾಗಾಗಿ ಎಫ್‌ಐಆರ್ ಮಾತ್ರವಲ್ಲ, ದೋಷಾರೋಪಣಾ ಪಟ್ಟಿಯ ಕಲಂ ಕೂಡ ನೋಡಿ.

ಸಣ್ಣಪುಟ್ಟ ಅಪಘಾತಗಳಲ್ಲಿ ಬಹಳಷ್ಟು ಠಾಣೆಯ ಮೆಟ್ಟಿಲು ಹತ್ತದೆ ರಸ್ತೆ ಬದಿಯಲ್ಲೇ ರಾಜಿಯಾಗುತ್ತವೆ. ಎಷ್ಟು ರಾಜಿಯಾಗುತ್ತವೆ ಎಂಬುದು ಊರಿನಿಂದ ಊರಿಗೆ, ಠಾಣೆಯಿಂದ ಠಾಣೆಗೆ ಬದಲಾಗುತ್ತದೆ. ನನ್ನ ಮಟ್ಟಿಗೆ ನಂಬಬಹುದಾದ ಅಂಕಿಯೆಂದರೆ ಸಾವು ಮತ್ತು ಗಂಭೀರ ಗಾಯದ ಪ್ರಕರಣಗಳದ್ದು. ಎಲ್ಲ ಅಪಘಾತಗಳ ದರ ತೆಗೆದರೂ ಈ ಎರಡರ ದರವನ್ನು ಪ್ರತ್ಯೇಕವಾಗಿ ತೆಗೆಯದೆ ಬಿಡಬೇಡಿ.

3. ಜಾಗ ಹಿಡಿಯುವುದು

ಇಡೀ ಕೆಲಸದ ಅರ್ಧ ಶ್ರಮ ಇಲ್ಲಿ ಹೋಗುತ್ತದೆ, ಹೋಗಬೇಕು ಕೂಡ. ಎಫ್‌ಐಆರ್ ನಮೂನೆಯಲ್ಲಿ ಠಾಣೆಯಿಂದ ಕೃತ್ಯದ ಸ್ಥಳಕ್ಕಿರುವ ದಿಕ್ಕು ಮತ್ತು ದೂರ ಎಂಬ ಕಾಲಂ ಇದೆ. ಅದರಲ್ಲಿ ‘ಪೂರ್ವಕ್ಕೆ 6 ಕಿ.ಮೀ.’ ಎಂದಿದ್ದರೆ ಅದು ಅಳತೆಯಲ್ಲ, ಅಂದಾಜು. ಒಂದೇ ಗೇಟ್‌ನ ಅಪಘಾತಗಳು ಬೇರೆ ಬೇರೆ ಕೈಬರಹದಲ್ಲಿ ಐದು, ಆರು, ಏಳು ಕಿಲೋಮೀಟರ್ ಆಗಿರುವುದನ್ನು ನೋಡಬಹುದು. ನಿಜವಾದ ಜಾಗ ಸಿಗುವುದು ಸ್ಥಳ ಮಹಜರಿನಲ್ಲಿ ಮತ್ತು ಅದರ ಜೊತೆಗಿನ ಕೈನಕ್ಷೆಯಲ್ಲಿ. ‘ಪೆಟ್ರೋಲ್ ಬಂಕ್ ದಾಟಿ, ಹುಣಸೆ ಮರದ ಎದುರು, ಟಾರ್ ರಸ್ತೆಯ ಎಡ ಅಂಚಿನಿಂದ ನಾಲ್ಕು ಅಡಿ’ ಎಂಬ ಸಾಲು ಎಂಜಿನಿಯರಿಗೆ ಬಂಗಾರ. ಆ ಬಂಕ್ ಮತ್ತು ಹುಣಸೆ ಮರದ ಚೈನೇಜ್ ನಿಮ್ಮಲ್ಲಿದ್ದರೆ ಅಪಘಾತದ ಜಾಗ ಐವತ್ತು ಮೀಟರಿನೊಳಗೆ ಸಿಕ್ಕಂತೆಯೇ.

ಅದಕ್ಕಾಗಿ ಠಾಣೆಗೆ ಹೋಗುವ ಮೊದಲು ಒಂದು ದಿನ ರಸ್ತೆಯ ಮೇಲೆ ಹೋಗಿ ಗುರುತುಗಳ ಪಟ್ಟಿ ಮಾಡಿಕೊಳ್ಳಿ: ಕಿಲೋಮೀಟರ್ ಕಲ್ಲು, ಸೇತುವೆ, ಮೋರಿ, ದೇವಸ್ಥಾನ, ಡಾಬಾ, ಶಾಲೆ, ಬಸ್ ತಂಗುದಾಣ, ಕಲ್ಯಾಣ ಮಂಟಪ, ಪ್ರತಿ ಗೇಟ್ ಮತ್ತು ಕ್ರಾಸ್. ಮಹಜರು ಬರೆಯುವವರು ಬಳಸುವ ಹೆಸರುಗಳು ಇವೇ, ನಕ್ಷೆಯಲ್ಲಿರುವ ಹೆಸರುಗಳಲ್ಲ.

ಅಪಘಾತದ ವಿವರಗಳನ್ನು ಆನ್‌ಲೈನ್‌ನಲ್ಲಿ ದಾಖಲಿಸುವ ಐ-ರಾಡ್ ಮತ್ತು ಇ-ಡಾರ್ ವ್ಯವಸ್ಥೆ ಬಂದ ಮೇಲೆ ಅಕ್ಷಾಂಶ ರೇಖಾಂಶಗಳು ನೇರವಾಗಿ ಸಿಗುತ್ತವೆ, ಕೆಲಸ ಹಗುರವಾಗಿದೆ. ಆದರೆ ಬಿಂದುಗಳನ್ನು ನಕ್ಷೆಯ ಮೇಲೆ ಹಾಕಿದಾಗ ಕೆಲವು ಠಾಣೆಯ ಕಾಂಪೌಂಡಿನೊಳಗೆ, ಕೆಲವು ಆಸ್ಪತ್ರೆಯ ಮೇಲೆ ಬಿದ್ದಿದ್ದರೆ, ವಿವರಗಳನ್ನು ಸ್ಥಳದಲ್ಲಿ ತುಂಬಿಲ್ಲವೆಂದು ಅರ್ಥ. ಅವನ್ನು ಮಹಜರು ನೋಡಿ ತಿದ್ದಿ. ಸರ್ವೀಸ್ ರಸ್ತೆಯಿರುವ ಹೆದ್ದಾರಿಯಲ್ಲಿ ಅಪಘಾತ ಮುಖ್ಯ ಪಥದ್ದೋ ಸರ್ವೀಸ್ ರಸ್ತೆಯದೋ ಎಂಬುದನ್ನೂ ಇದೇ ಹಂತದಲ್ಲಿ ಬೇರ್ಪಡಿಸಬೇಕು.

4. ರಸ್ತೆಯನ್ನು ಭಾಗ ಮಾಡುವುದು, ಜಂಕ್ಷನ್ ಬೇರ್ಪಡಿಸುವುದು

ರಸ್ತೆಯ ಸ್ವರೂಪ ಬದಲಾಗುವಲ್ಲಿ ಭಾಗ ಬದಲಾಗಬೇಕು: ಎರಡು ಪಥ ನಾಲ್ಕಾಗುವಲ್ಲಿ, ಡಿವೈಡರ್ ಶುರುವಾಗುವಲ್ಲಿ, ಪಟ್ಟಣದ ಮಿತಿ ಮುಗಿಯುವಲ್ಲಿ, ದೊಡ್ಡ ರಸ್ತೆಯೊಂದು ಸೇರಿ ವಾಹನ ಸಂಖ್ಯೆ ಗಮನಾರ್ಹವಾಗಿ ಏರುವಲ್ಲಿ. ಸುಮ್ಮನೆ ಕಿಲೋಮೀಟರಿಗೊಂದರಂತೆ ತುಂಡು ಮಾಡಿದರೆ ಪಟ್ಟಣವೂ ಬಯಲೂ ಒಂದೇ ತುಂಡಿನಲ್ಲಿ ಬೆರೆಯುತ್ತವೆ.

ಜಂಕ್ಷನ್ನಿನ ಅಪಘಾತಗಳನ್ನು ರಸ್ತೆ ಭಾಗದ ಲೆಕ್ಕದಿಂದ ಹೊರತೆಗೆಯಬೇಕು. ಜಂಕ್ಷನ್ನಿನ ನಡುವಿನಿಂದ ಪ್ರತಿ ಕಡೆಗೆ ಸುಮಾರು 75 ಮೀಟರ್ ದೂರವನ್ನು ಗಡಿಯಾಗಿ ಇಟ್ಟುಕೊಳ್ಳಬಹುದು. ಆದರೆ ದೂರವೊಂದೇ ಸಾಲದು. ನೂರು ಮೀಟರ್ ಹಿಂದೆ, ಬಲಕ್ಕೆ ತಿರುಗಲು ಕಾದು ನಿಂತ ವಾಹನಗಳ ಸಾಲಿಗೆ ಲಾರಿ ಗುದ್ದಿದ್ದರೆ ಅದು ಜಂಕ್ಷನ್ನಿನದೇ ಅಪಘಾತ. ನಲವತ್ತು ಮೀಟರಿನಲ್ಲಿ ಒಂಟಿ ಬೈಕ್ ನಾಯಿಗೆ ಹೆದರಿ ಬಿದ್ದಿದ್ದರೆ ಅಲ್ಲ. ಯಾವ ನಿಯಮವನ್ನೇ ಇಟ್ಟುಕೊಂಡರೂ ಇಡೀ ರಸ್ತೆಗೆ ಅದೊಂದೇ ಇರಬೇಕು, ವರದಿಯಲ್ಲಿ ಅದನ್ನು ಬರೆಯಬೇಕು.

5. ವಾಹನಗಳ ಎಣಿಕೆ

ದರದ ಛೇದದಲ್ಲಿ ಬೇಕಾಗುವುದು ವರ್ಷದ ಸರಾಸರಿಯಲ್ಲಿ ದಿನವೊಂದಕ್ಕೆ ಓಡಾಡುವ ವಾಹನಗಳ ಸಂಖ್ಯೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 9ರ ಪ್ರಕಾರ ಪಟ್ಟಣದ ಹೊರಗಿನ ರಸ್ತೆಗಳಲ್ಲಿ ಸತತ ಏಳು ದಿನ, ದಿನದ ಇಪ್ಪತ್ನಾಲ್ಕು ಗಂಟೆಯೂ ಎಣಿಸಬೇಕು. ಏಳು ದಿನ ಏಕೆಂದು ಕೇಳುವವರು ಸಂತೆಯ ದಿನ ರಸ್ತೆಯಲ್ಲಿ ಒಮ್ಮೆ ನಿಂತು ನೋಡಲಿ. ಮಂಡ್ಯದ ಕಡೆ ಕಬ್ಬು ಅರೆಯುವ ಕಾಲದಲ್ಲಿ ಎಣಿಸಿದರೆ ಒಂದು ಚಿತ್ರ, ಕಾರ್ಖಾನೆ ನಿಂತಾಗ ಎಣಿಸಿದರೆ ಇನ್ನೊಂದು. ವರ್ಷಕ್ಕೆ ಎರಡು ಸಲ ಎಣಿಸುವ ರೂಢಿ ಬಂದಿರುವುದು ಇದಕ್ಕೇ.

ಇಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು, ಪಿಸಿಯು (ಪ್ರತಿ ವಾಹನವನ್ನು ಇಷ್ಟು ಕಾರಿಗೆ ಸಮ ಎಂದು ಲೆಕ್ಕಿಸುವ ಮಾನ) ಅಂಕಿಯನ್ನು ವಾಹನ ಸಂಖ್ಯೆಯೆಂದು ಬಳಸುವುದು. ರಸ್ತೆಯ ಸಾಮರ್ಥ್ಯ ಅಳೆಯಲು ಮಾಡಿದ ಆ ಮಾನದಲ್ಲಿ ಬೈಕಿಗೆ 0.5, ಲಾರಿಗೆ 3. ಅಪಘಾತದ ಲೆಕ್ಕಕ್ಕೆ ಅದು ಸಲ್ಲದು, ಇಲ್ಲಿ ಬೈಕ್ ಒಂದು ಪೂರ್ತಿ ವಾಹನ. ಎರಡನೆಯದು, ಟೋಲ್ ಪ್ಲಾಜಾದ ಅಂಕಿಯನ್ನೇ ನೆಚ್ಚುವುದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ದ್ವಿಚಕ್ರ ವಾಹನಗಳಿಗೆ ಟೋಲ್ ಇಲ್ಲ, ಆದ್ದರಿಂದ ಆ ಲೆಕ್ಕದಲ್ಲಿ ಅವು ಇರುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇಕಡಾ 44.5ರಷ್ಟು ದ್ವಿಚಕ್ರ ವಾಹನ ಸವಾರರೆಂಬುದನ್ನು ನೆನೆದರೆ, ಅಂಶದಲ್ಲಿ ಅವರನ್ನು ಎಣಿಸಿ ಛೇದದಲ್ಲಿ ಬಿಟ್ಟುಬಿಡುವ ಲೆಕ್ಕ ಎಷ್ಟು ಓರೆಯಾದೀತೆಂದು ತಿಳಿಯುತ್ತದೆ. ಮೂರನೆಯದು ಜಂಕ್ಷನ್ನಿಗೆ ಸಂಬಂಧಿಸಿದ್ದು. ಅದು ಲೆಕ್ಕದ ಜೊತೆಯಲ್ಲೇ ಬರುತ್ತದೆ.

6. ಲೆಕ್ಕ

ರಸ್ತೆ ಭಾಗದ ದರವನ್ನು ಹತ್ತು ಕೋಟಿ ವಾಹನ-ಕಿಲೋಮೀಟರಿಗೆ ಹೇಳುವುದು ವಾಡಿಕೆ. ಒಂದು ವಾಹನ ಒಂದು ಕಿಲೋಮೀಟರ್ ಓಡಿದರೆ ಅದು ಒಂದು ವಾಹನ-ಕಿಲೋಮೀಟರ್. ಅಪಘಾತಗಳ ಸಂಖ್ಯೆಯನ್ನು ಹತ್ತು ಕೋಟಿಯಿಂದ ಗುಣಿಸಿ, 365 × ವರ್ಷ × ದಿನದ ವಾಹನ × ಉದ್ದ ಇವುಗಳ ಗುಣಲಬ್ಧದಿಂದ ಭಾಗಿಸಬೇಕು.

ನಾಲ್ಕು ಭಾಗಗಳ ಒಂದು ರಾಜ್ಯ ಹೆದ್ದಾರಿಯನ್ನು ಇಟ್ಟುಕೊಳ್ಳೋಣ. ಅವಧಿ ಮೂರು ವರ್ಷ. ‘ಅ’ ಭಾಗ ಪಟ್ಟಣದ ಅಂಚಿನದು: 3 ಕಿ.ಮೀ., ದಿನಕ್ಕೆ 14,000 ವಾಹನ, 23 ಅಪಘಾತ. ‘ಆ’ ಭಾಗ ಹೊಲಗಳ ನಡುವಿನದು: 8 ಕಿ.ಮೀ., 5,000 ವಾಹನ, 35 ಅಪಘಾತ. ‘ಇ’ ಘಟ್ಟದಂಥ ಒಂದು ತಿರುವಿನ ಭಾಗ: 1.2 ಕಿ.ಮೀ., 1,800 ವಾಹನ, 3 ಅಪಘಾತ. ‘ಈ’ ಇತ್ತೀಚೆಗೆ ಅಗಲ ಮಾಡಿದ ಭಾಗ: 9 ಕಿ.ಮೀ., 7,500 ವಾಹನ, 30 ಅಪಘಾತ.

‘ಅ’ ಭಾಗದ ಓಡಾಟ 365 × 3 × 14,000 × 3, ಅಂದರೆ 4,59,90,000 ವಾಹನ-ಕಿಲೋಮೀಟರ್, ದರ 50. ಇದೇ ರೀತಿ ‘ಆ’ ಭಾಗದ ದರ 79.9, ‘ಇ’ ಭಾಗದ್ದು 126.8, ‘ಈ’ ಭಾಗದ್ದು 40.6. ಕಿಲೋಮೀಟರಿಗೆ ಎಷ್ಟು ಅಪಘಾತ ಎಂದು ಕೇಳಿದ್ದರೆ ‘ಅ’ ಭಾಗ 7.7ರೊಂದಿಗೆ ಎಲ್ಲಕ್ಕಿಂತ ಮುಂದಿತ್ತು, ‘ಆ’ ಭಾಗ 4.4ರೊಂದಿಗೆ ಹಿಂದಿತ್ತು. ಓಡಾಟದಿಂದ ಭಾಗಿಸಿದ ಮೇಲೆ ಅವೆರಡರ ಕ್ರಮ ತಿರುಗಿತು.

ಇಡೀ ರಸ್ತೆಯ ದರ ಬೇಕಾದರೆ ನಾಲ್ಕು ದರಗಳನ್ನು ಕೂಡಿ ನಾಲ್ಕರಿಂದ ಭಾಗಿಸಬಾರದು. ಹಾಗೆ ಮಾಡಿದರೆ 74.3 ಬರುತ್ತದೆ, ಮೂರು ಅಪಘಾತದ ಪುಟ್ಟ ಭಾಗ ಇಡೀ ರಸ್ತೆಯನ್ನು ಮೇಲಕ್ಕೆಳೆದಿರುತ್ತದೆ. ಒಟ್ಟು ಅಪಘಾತ 91ನ್ನು ಒಟ್ಟು ಓಡಾಟದಿಂದ ಭಾಗಿಸಿದಾಗ ಬರುವ 54.8 ಸರಿಯಾದ ಸರಾಸರಿ.

ಜಂಕ್ಷನ್ನಿಗೆ ಉದ್ದವಿಲ್ಲ; ಅಲ್ಲಿ ಛೇದ ಒಳಬರುವ ವಾಹನಗಳ ಸಂಖ್ಯೆ, ಮಾನ ಹತ್ತು ಲಕ್ಷ ವಾಹನ. ಒಂದು ಸರ್ಕಲ್ಲಿಗೆ ಸೇರುವ ನಾಲ್ಕು ರಸ್ತೆಗಳ ದಿನದ ಓಡಾಟ 14,000, 12,000, 6,000, 4,000 ಎಂದಿರಲಿ. ಕೂಡಿದರೆ 36,000. ಈ ಎಣಿಕೆಗಳಲ್ಲಿ ಹೋಗುವ ವಾಹನವೂ ಬರುವ ವಾಹನವೂ ಸೇರಿರುವುದರಿಂದ ಪ್ರತಿ ವಾಹನ ಎರಡು ಸಲ ಎಣಿಕೆಯಾಗಿದೆ; ಒಳಬಂದದ್ದು 18,000 ಮಾತ್ರ. ಈ ಅರ್ಧ ಮಾಡುವುದನ್ನು ಮರೆತದ್ದೇ ನಾನು ಹೇಳಿದ ಮೂರನೆಯ ತಪ್ಪು. ಅದರಿಂದ ಜಂಕ್ಷನ್ನಿನ ದರ ಅರ್ಧಕ್ಕಿಳಿದು ಸುರಕ್ಷಿತವಾಗಿ ಕಾಣುತ್ತದೆ. ಮೂರು ವರ್ಷದಲ್ಲಿ ಒಳಬಂದ ವಾಹನ 197.1 ಲಕ್ಷ, ಅಪಘಾತ 12, ದರ 0.61. ಅದೇ ರಸ್ತೆಯ ಹಳ್ಳಿ ಗೇಟ್‌ನಲ್ಲಿ ಒಳಬರುವ ವಾಹನ ದಿನಕ್ಕೆ 5,300, ಅಪಘಾತ 9, ದರ 1.55. ಸಭೆಯ ಪಟ್ಟಿಯಲ್ಲಿ ಕೆಳಗಿದ್ದ ಗೇಟ್ ಈಗ ಸರ್ಕಲ್ಲಿಗಿಂತ ಎರಡೂವರೆ ಪಟ್ಟು ಮೇಲೆ ಬಂದಿದೆ.

7. ದರವನ್ನೂ ಪೂರ್ತಿ ನಂಬದಿರುವುದು

‘ಇ’ ಭಾಗದ 126.8ಕ್ಕೆ ಮರಳೋಣ. ನಾಲ್ಕರಲ್ಲಿ ಅದೇ ಅತಿ ಹೆಚ್ಚು. ಆದರೆ ಮೂರು ಅಪಘಾತದಲ್ಲಿ ಒಂದು ಆಗದೇ ಹೋಗಿದ್ದರೆ ದರ 85ಕ್ಕೆ ಇಳಿಯುತ್ತಿತ್ತು. ಇನ್ನೊಂದು ಆಗಿದ್ದರೆ 169ಕ್ಕೆ ಏರುತ್ತಿತ್ತು. ಓಡಾಟ ಕಡಿಮೆಯಿರುವಲ್ಲಿ ಒಂದೇ ಅಪಘಾತ ದರವನ್ನು ಹೀಗೆ ಕುಣಿಸುತ್ತದೆ. ಅಕಸ್ಮಾತ್ತಿನ ಏರಿಳಿತವನ್ನೂ ನಿಜವಾದ ದೋಷವನ್ನೂ ಬೇರ್ಪಡಿಸಲು ನಿರ್ಣಾಯಕ ದರ ಎಂಬ ಮಿತಿಯನ್ನು ಬಳಸುತ್ತಾರೆ. ಸರಾಸರಿ ದರವನ್ನು ಆ ಭಾಗದ ಓಡಾಟದಿಂದ (ಹತ್ತು ಕೋಟಿ ವಾಹನ-ಕಿಲೋಮೀಟರ್‌ಗಳಲ್ಲಿ) ಭಾಗಿಸಿ, ವರ್ಗಮೂಲ ತೆಗೆದು, 1.645ರಿಂದ ಗುಣಿಸಿ, ಅದಕ್ಕೆ ಸರಾಸರಿ ದರವನ್ನೂ, ಓಡಾಟದ ಎರಡರಷ್ಟರಿಂದ ಒಂದನ್ನು ಭಾಗಿಸಿ ಬಂದದ್ದನ್ನೂ ಕೂಡಿಸಿ. 1.645 ಎಂಬುದು ಶೇಕಡಾ 95ರ ಭರವಸೆಯ ಮಟ್ಟಕ್ಕೆ ಸಲ್ಲುವ ಅಂಕಿ.

‘ಇ’ ಭಾಗದ ಓಡಾಟ 0.0237, ಅದರ ನಿರ್ಣಾಯಕ ದರ ಸುಮಾರು 155. ನಿಜವಾದ ದರ 126.8 ಅದರೊಳಗಿದೆ, ಆದ್ದರಿಂದ ಸದ್ಯಕ್ಕೆ ಅದನ್ನು ಅಪಾಯದ ಭಾಗವೆಂದು ಹೇಳಲು ಆಧಾರವಿಲ್ಲ. ‘ಆ’ ಭಾಗದ ಓಡಾಟ 0.438, ನಿರ್ಣಾಯಕ ದರ ಸುಮಾರು 74. ನಿಜವಾದ ದರ 79.9 ಅದನ್ನು ಮೀರಿದೆ. ಮೊದಲು ಹೋಗಿ ನೋಡಬೇಕಾದದ್ದು ‘ಆ’. ಜಂಕ್ಷನ್‌ಗಳಿಗೂ ಇದೇ ಸೂತ್ರ, ಮಾನ ಮಾತ್ರ ಹತ್ತು ಲಕ್ಷ ವಾಹನ. ಆದರೆ ಸರಾಸರಿ ತೆಗೆಯುವಾಗ ಸಿಗ್ನಲ್ ಇರುವವನ್ನು ಸಿಗ್ನಲ್ ಇರುವವುಗಳ ಜೊತೆಗೆ, ಮೂರು ದಾರಿಯ ಗೇಟ್‌ಗಳನ್ನು ಗೇಟ್‌ಗಳ ಜೊತೆಗೆ ಇಡಬೇಕು. ಮೇಲೆ ಗೇಟನ್ನು ಸರ್ಕಲ್ಲಿನೊಡನೆ ಹೋಲಿಸಿದ್ದು ದರ ಎಂದರೇನೆಂದು ತೋರಿಸಲು ಮಾತ್ರ.

ರಸ್ತೆ ಸಾರಿಗೆ ಸಚಿವಾಲಯದ ಬ್ಲಾಕ್ ಸ್ಪಾಟ್ ವ್ಯಾಖ್ಯೆ ಬೇರೆ ದಾರಿಯದು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ಕ್ಯಾಲೆಂಡರ್ ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತಗಳಾಗಿದ್ದರೆ, ಇಲ್ಲವೇ ಹತ್ತು ಸಾವುಗಳಾಗಿದ್ದರೆ ಅದು ಬ್ಲಾಕ್ ಸ್ಪಾಟ್. ಅಲ್ಲಿ ಓಡಾಟದ ಪ್ರಶ್ನೆಯೇ ಇಲ್ಲ. ಅದನ್ನು ತಪ್ಪೆನ್ನಲಾರೆ, ಜನ ಸಾಯುತ್ತಿರುವ ಜಾಗಕ್ಕೆ ದರ ಕಡಿಮೆಯೆಂದು ಬೆನ್ನು ತಿರುಗಿಸಲು ಬರುವುದಿಲ್ಲ. ಮೇಲಾಗಿ ಓಡಾಟ ಎರಡು ಪಟ್ಟಾದರೆ ಅಪಘಾತವೂ ಸರಿಯಾಗಿ ಎರಡು ಪಟ್ಟಾಗುತ್ತದೆಂಬ ನಿಯಮವಿಲ್ಲ. ತುಂಬಿದ ರಸ್ತೆಯಲ್ಲಿ ವೇಗ ತಗ್ಗಿ ದರ ತಾನಾಗಿಯೇ ಇಳಿದು ಕಾಣಬಹುದು. ಪಾದಚಾರಿಗಳ ಸಾವಿಗಂತೂ ವಾಹನ-ಕಿಲೋಮೀಟರ್ ಸರಿಯಾದ ಅಳತೆಗೋಲೇ ಅಲ್ಲ, ಅಲ್ಲಿ ರಸ್ತೆ ದಾಟುವವರನ್ನು ಎಣಿಸಬೇಕು. ಆದ್ದರಿಂದ ಕೋಷ್ಟಕದಲ್ಲಿ ಸಂಖ್ಯೆ, ದರ, ನಿರ್ಣಾಯಕ ದರ, ಸಾವು ಮತ್ತು ಗಂಭೀರ ಗಾಯದ ಸಂಖ್ಯೆ ಎಲ್ಲವೂ ಅಕ್ಕಪಕ್ಕದಲ್ಲಿರಲಿ.

8. ಸ್ಥಳಕ್ಕೆ ಹೋಗುವುದು

ಮೇಲಕ್ಕೆ ಬಂದ ಪ್ರತಿ ಜಾಗಕ್ಕೂ ಡಿಕ್ಕಿಗಳ ನಕ್ಷೆ ಬರೆದುಕೊಳ್ಳಿ: ಯಾವ ವಾಹನ ಯಾವ ದಿಕ್ಕಿನಿಂದ ಬಂತು, ಎಲ್ಲಿ ಹೋಗುತ್ತಿತ್ತು, ಸಮಯ ಎಷ್ಟು, ಹಗಲೋ ಕತ್ತಲೋ. ನಂತರ ಅಪಘಾತಗಳು ಹೆಚ್ಚಾಗಿ ಆಗಿರುವ ಹೊತ್ತಿಗೇ ಹೋಗಿ ನಿಲ್ಲಿ. ಬೆಳಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಬಂದು ನೋಡಿದವರಿಗೆ ಹಳ್ಳಿ ಗೇಟ್‌ನಲ್ಲಿ ಯಾವ ದೋಷವೂ ಕಾಣುವುದಿಲ್ಲ. ಸಂಜೆ ಏಳಕ್ಕೆ ನಿಂತರೆ, ಗೇಟ್‌ನಿಂದ ಬಲಕ್ಕೆ ತಿರುಗುವ ಬೈಕ್ ಸವಾರನಿಗೆ ಪಟ್ಟಣದ ಕಡೆಯಿಂದ ಬರುವ ವಾಹನವನ್ನು ಬಸ್ ತಂಗುದಾಣದ ಗೋಡೆ ಮರೆಮಾಡಿರುವುದು, ತಂಗುದಾಣದ ಮುಂದೆ ನಿಂತ ಬಸ್ಸು ಉಳಿದ ನೋಟವನ್ನೂ ಮುಚ್ಚುವುದು, ಸವಾರ ಮುಂಚಕ್ರವನ್ನು ಡಾಂಬರಿನ ಮೇಲಿಟ್ಟ ಮೇಲೆಯೇ ಹೆಡ್‌ಲೈಟ್ ಕಾಣುವುದು ಕಣ್ಣೆದುರೇ ನಡೆಯುತ್ತದೆ. ಒಂಬತ್ತರಲ್ಲಿ ಆರೋ ಏಳೋ ಅಪಘಾತ ಇದೇ ತೆರನಾಗಿದ್ದರೆ, ಹಂಪ್ಸ್ ಹಾಕುವ ಮೊದಲು ತಂಗುದಾಣವನ್ನು ಗೇಟ್ ದಾಟಿದ ಆಚೆ ಬದಿಗೆ ಸರಿಸಬಹುದೇ ಎಂದು ಕೇಳಬೇಕು. ದರ ಜಾಗವನ್ನು ತೋರಿಸುತ್ತದೆ. ಕಾರಣ ಸಿಗುವುದು ಅಲ್ಲಿ ನಿಂತಾಗ.

9. ದುರಸ್ತಿಯ ನಂತರದ ಲೆಕ್ಕ

ದುರಸ್ತಿಯಾದ ಮೊದಲ ಆರು ತಿಂಗಳ ಅಂಕಿ ಹಿಡಿದು ದರ ಇಳಿಯಿತೆಂದು ಬರೆಯಬೇಡಿ. ಅತಿ ಕೆಟ್ಟ ಮೂರು ವರ್ಷ ನೋಡಿ ಆರಿಸಿದ ಜಾಗದಲ್ಲಿ, ಏನೂ ಮಾಡದಿದ್ದರೂ ಮುಂದಿನ ವರ್ಷ ಸಂಖ್ಯೆ ಕೊಂಚ ಇಳಿಯುವ ಸಂಭವವೇ ಹೆಚ್ಚು. ಅದೇ ರಸ್ತೆಯಲ್ಲಿ ದುರಸ್ತಿ ಮಾಡದೆ ಬಿಟ್ಟ, ಅದೇ ತರಹದ ಎರಡು ಮೂರು ಗೇಟ್‌ಗಳ ದರವನ್ನೂ ಅದೇ ಅವಧಿಗೆ ತೆಗೆದು ಪಕ್ಕದಲ್ಲಿಡಿ. ಅವು ಇಳಿಯದೆ ದುರಸ್ತಿಯಾದ ಗೇಟ್ ಮಾತ್ರ ಇಳಿದಿದ್ದರೆ ಆಗ ಬರೆಯಿರಿ, ಮತ್ತು ವಾಹನಗಳನ್ನು ಹೊಸದಾಗಿ ಎಣಿಸಿದ ದಿನಾಂಕವನ್ನೂ ಅದರ ಜೊತೆಗೆ ಬರೆಯಿರಿ.